ಮಾಮನ ಕುರಿ ಕೂಗು ಬಿಡುಗಡೆಯಾದದ್ದು

ನಮ್ಮ ಸೋದರಮಾವ ಅಂತಾರಾಷ್ಟ್ರೀಯ ಕಲಾವಿದ!

ನಗಬೇಡಿ. ಈ ಸಂಗತಿ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲ ಸಲ ಕಂಡಾಗ ನಾನೂ ನಗಲಿಲ್ಲ. ಎದ್ದು ಹೊರಗೆ ಬಂದೆ. ಒಂದು ಲೋಟ ನೀರು ಕುಡಿದೆ. ಒಳಗೆ ಹೋಗಿ ಮತ್ತೆ ನೋಡಿದೆ. ಪರದೆಯ ಮೇಲೆ ಮಾಮನ ಫೋಟೊ, ಅದರ ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ 'ಕಲಾವಿದ' ಎಂಬ ಬಿರುದು ಹಾಗೇ ಇದ್ದವು.

ಮಾಮ ಜನ್ಮದಲ್ಲಿ ಒಂದು ಸಾಲು ಹಾಡಿದವನಲ್ಲ. ಭಜನೆಗೆ ಕೂತರೆ ಅವನ ಕೈಗೆ ತಾಳ ಕೊಡುವುದಿಲ್ಲ. ಚಪ್ಪಾಳೆಯನ್ನೂ ಸದ್ದಾಗದಂತೆ ತಟ್ಟು ಎಂದು ಹೇಳಿಯೇ ಕೂರಿಸುತ್ತಾರೆ. ಗಡಿನಾಡಿನ ಗುಮ್ಮಘಟ್ಟದ ಕಡೆಯ ಒಣ ಬಯಲಿನಲ್ಲಿ ಕುರಿ ಮೇಯಿಸುವುದು ಅವನ ಕಸುಬು. ಅಂಥವನ ಧ್ವನಿ ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಮೊಬೈಲ್ ತಡಕಿದರೂ ಸಿಗುವಂತಾದದ್ದು ಹೇಗೆ? ನಾನು ಕಣ್ಣಾರೆ ಕಂಡಷ್ಟನ್ನು, ಕಂಡ ಕ್ರಮದಲ್ಲಿಯೇ ಹೇಳುತ್ತೇನೆ. ಉಪ್ಪು ಖಾರ ಸೇರಿಸುವುದಿಲ್ಲ. ಸೇರಿಸುವ ಅಗತ್ಯವೇ ಬೀಳಲಿಲ್ಲ.

ಇದೆಲ್ಲ ಶುರುವಾದದ್ದು ಮಾಮನ ಒಬ್ಬಳೇ ಮಗಳು ರತ್ನಿಯ ಮದುವೆಯಿಂದ. ಮಡಕಶಿರದ ಕಡೆ, ಅಮರಾಪುರದ ಹತ್ತಿರದ ಒಂದು ಹಳ್ಳಿಗೆ ಅವಳನ್ನು ಕೊಟ್ಟರು. ಕುರಿ ಹೊಡೆದುಕೊಂಡು ಆ ಕಡೆ ಹೋದಾಗ ಮಾಮನಿಗೆ ಪರಿಚಯವಾದ ಮನೆ ಅದು. ಒಳ್ಳೆಯ ಜನ. ರೇಷ್ಮೆ ಹುಳು ಸಾಕುತ್ತಾರೆ, ಕಡಲೆಕಾಯಿ ಬೆಳೆಯುತ್ತಾರೆ. ಮಗಳಿಗೆ ಬಳುವಳಿಯೆಂದು ಮಾಮ ತನ್ನ ಮಂದೆಯಿಂದಲೇ ನಾಲ್ಕು ಹೆಣ್ಣು ಕುರಿಗಳನ್ನು ಆರಿಸಿ ಕೊಟ್ಟ. ರತ್ನಿ ಅಲ್ಲಿಗೆ ಹೊಂದಿಕೊಂಡಳು ಎಂದು ಎಲ್ಲರೂ ಹೇಳಿದರು. ಕುರಿಗಳು ಹೊಂದಿಕೊಳ್ಳಲಿಲ್ಲ. ಹುರುಳಿ ಹೊಟ್ಟು ಇಟ್ಟರೂ ಮೂಸಲಿಲ್ಲ, ಹಿಪ್ಪುನೇರಳೆ ಸೊಪ್ಪು ಇಟ್ಟರೂ ಮೂಸಲಿಲ್ಲ. ರೇಷ್ಮೆ ಹುಳುವಿನ ಬಾಯಿಂದ ತಪ್ಪಿಸಿ ತಂದ ಸೊಪ್ಪು! ಗೋಡೆಗೆ ಮುಖ ಮಾಡಿ ನಿಂತು ಅರಚಿದವು.

ಇದು ಬರೀ ಕುರಿಯ ಹೊಟ್ಟೆಯ ಪ್ರಶ್ನೆಯಾಗಿದ್ದರೆ ಮಾಮ ಅಷ್ಟು ಕಂಗಾಲಾಗುತ್ತಿರಲಿಲ್ಲ. ತವರಿನಿಂದ ಬಂದ ಕುರಿ ಗಂಡನ ಮನೆಯಲ್ಲಿ ಬಡಕಲಾಗಿ ಸತ್ತರೆ ಜನ ಕುರಿಯನ್ನು ಬೈಯುವುದಿಲ್ಲ. ಸೊಸೆಯ ಕಾಲ್ಗುಣ ಎನ್ನುತ್ತಾರೆ. ಆ ಮನೆಯಲ್ಲಿದ್ದ ಮುದುಕಿಯೊಬ್ಬಳು ಆಗಲೇ ಆ ಪದವನ್ನು ಒಂದು ಸಲ ಉಚ್ಚರಿಸಿಯೂ ಆಗಿತ್ತಂತೆ.

ಮಾಮ ಓಡಿಹೋದ. ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದ. ನಾಲ್ಕೂ ಕುರಿ ತಲೆ ಎತ್ತಿ, ಬಾಲ ಆಡಿಸಿ, ಮೇವಿಗೆ ಬಾಯಿ ಹಾಕಿದವು. ಎಲ್ಲರೂ ಉಸಿರು ಬಿಟ್ಟರು. ಆದರೆ ಬೀಗರ ಮನೆಯಲ್ಲಿ ಎಷ್ಟು ದಿನ ಕೂತಾನು? ಹೊರಟು ಬಂದು ಅಮರಾಪುರದಲ್ಲಿ ಬಸ್ಸು ಹತ್ತಿದ. ಬಸ್ಸು ಹೊರಡುವಷ್ಟರಲ್ಲಿ ಹಿಂದೆ ಗದ್ದಲ. ಕಂಡಕ್ಟರು ಬಾಗಿ ನೋಡಿ ಹೇಳಿದನಂತೆ: "ಯಜಮಾನ್ರೇ, ನಿಮ್ ಕಡೆಯೋರು ಇನ್ನೂ ನಾಲ್ಕ್ ಜನ ಅವ್ರೆ, ಓಡ್ಕಂಡು ಬರ್ತಾವ್ರೆ!"

ಮಾಮ ಇಳಿದ. ಕುರಿಗಳನ್ನು ವಾಪಸು ಬಿಟ್ಟ. ಆಮೇಲೆ ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಕೆಮ್ಮನ್ನೂ ನುಂಗಿಕೊಂಡು, ಹೊಲಗಳ ಮಧ್ಯೆ ನಡೆದು ಬೇರೆ ಊರಿನಲ್ಲಿ ಬಸ್ಸು ಹಿಡಿದ.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಅವನು ರಾಯದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಇರುವ ನನ್ನ ಜೆರಾಕ್ಸ್ ಅಂಗಡಿಗೆ ಬಂದ. ಹೆಗಲ ಮೇಲಿನ ಕಂಬಳಿ ತೆಗೆದು ಜೆರಾಕ್ಸ್ ಮಷೀನಿಗೆ ಹೊದಿಸಿದ. ಸ್ಟೂಲಿನ ಮೇಲೆ ಕೂತ.

"ಅಳಿಯಾ, ನಂದೊಂದು ರಿಲೀಸ್ ಮಾಡ್ಬೇಕಲೇ."

"ಏನು ಮಾಮ?"

"ಕೂಗು."

ನಾನು ಅವನ ಮುಖವನ್ನೇ ನೋಡಿದೆ. ಜ್ವರದ ಲಕ್ಷಣ ಕಾಣಲಿಲ್ಲ.

"ರತ್ನಿ ಮನ್ಯಾಗಿನ ಕುರಿಗೆ ದಿನಾ ಸಂಜಿ ನನ್ನ ಕೂಗು ಕೇಳಿಸ್ಬೇಕು. ಫೋನಿನಾಗ ಕೂಗಿದ್ರ ತಿಂತಾವು. ಆದ್ರ ಸಂಜಿಮುಂದ ನಾನು ಗುಡ್ಡದಾಗ ಇರ್ತೀನಿ, ಅಲ್ಲಿ ಸಿಗ್ನಲ್ ಎಲ್ಲಿಂದ ತರ್ಲಿ?"

"ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಆಯಿತಲ್ಲ ಮಾಮ!"

"ಕಳಿಸಿದ್ದೆ. ಆ ಮನ್ಯಾಗ ದೊಡ್ಡ ಫೋನು ಒಂದೇ, ಬೀಗರದು. ಅವರಿಗೆ ದಿನಾ ಮುಂಜಾನಿ ಊರಾಗಿನ ಮಂದಿಯೆಲ್ಲಾ ಹೂವಿನ ಚಿತ್ರ ಕಳಿಸ್ತಾರ. ಫೋನು ತುಂಬಿ ಉಸಿರು ಕಟ್ತದ. ವಾರಕ್ಕೊಮ್ಮೆ ಎಲ್ಲಾ ಬಳದು ಹೊರಗ ಹಾಕ್ತಾರ. ಹೂವಿನ ಸಂಗಡ ನಾನೂ ಹೋಗ್ತೀನಿ."

ಅಳಿಸಿ ಹೋಗದ ಕಡೆ ಕೂಗನ್ನು ಇಡುವುದು ಹೇಗೆಂದು ಅವನು ಆಟೋ ತಿಪ್ಪೇಸ್ವಾಮಿಯನ್ನು ಕೇಳಿದ್ದಾನೆ. ಗುಮ್ಮಘಟ್ಟದ ದಾರಿಯಲ್ಲಿ ಶೇರ್ ಆಟೋ ಓಡಿಸುವ ತಿಪ್ಪೇಸ್ವಾಮಿ ಸ್ವತಃ ಗಾಯಕ. ತನ್ನದೇ ಒಂದು ಹಾಡನ್ನು ಬಿಡುಗಡೆ ಮಾಡಿಕೊಂಡು, ಅದನ್ನು ತನ್ನದೇ ಆಟೋದಲ್ಲಿ, ಓಡುತ್ತಿರುವ ಗಾಡಿಯಿಂದ ಇಳಿದುಹೋಗಲಾರದ ಹತ್ತು ಜನ ಶ್ರೋತೃಗಳಿಗೆ ದಿನವೂ ಕೇಳಿಸುವವನು. ಅವನು ಹೇಳಿದನಂತೆ: "ರಿಲೀಸ್ ಮಾಡ್ಬಿಡು ಗೌಡ. ಒಮ್ಮೆ ರಿಲೀಸ್ ಆತಂದ್ರ ಯಾವ ಬೀಗರೂ ಏನೂ ಮಾಡಾಕ ಆಗಂಗಿಲ್ಲ."

ತಿಪ್ಪೇಸ್ವಾಮಿ ಹೇಳಿದ್ದು ಸುಳ್ಳಲ್ಲ. ಹಿಂದೆ ಒಂದು ಹಾಡು ಹೊರಬರಬೇಕಾದರೆ ಕ್ಯಾಸೆಟ್ ಕಂಪನಿಯ ಬಾಗಿಲು ಕಾಯಬೇಕಿತ್ತು. ಈಗ ಇಂಟರ್ನೆಟ್ಟಿನಲ್ಲೇ ಕೆಲವು ಕಂಪನಿಗಳಿವೆ. ಶುಲ್ಕ ಕಟ್ಟಿ ಹಾಡನ್ನು ಅವರಿಗೆ ಒಪ್ಪಿಸಿದರೆ, ಮೊಬೈಲಿನಲ್ಲಿ ಹಾಡು ಕೇಳಿಸುವ ಎಲ್ಲ ಆ್ಯಪ್‌ಗಳಿಗೂ ಅವರೇ ತಲುಪಿಸುತ್ತಾರೆ. ನೀನು ಯಾರ ಶಿಷ್ಯ ಎಂದು ಕೇಳುವುದಿಲ್ಲ. ಶ್ರುತಿ ಇದೆಯೇ ಎಂದು ಕೇಳುವುದಿಲ್ಲ. ಇದು ಹಾಡೇ ಹೌದೇ ಎಂದಂತೂ ಕೇಳುವುದೇ ಇಲ್ಲ!

ನಾನು ಒಪ್ಪಿದೆ. ರೆಕಾರ್ಡಿಂಗಿಗೆ ಮೊದಲು ದೊಡ್ಡಿಯ ಹತ್ತಿರವೇ ಹೋಗಿದ್ದೆವು. ಮಾಮ ಬಾಯಿ ತೆರೆದ ಕೂಡಲೇ ಇಡೀ ಮಂದೆ ಬಂದು ನಮ್ಮನ್ನು ಸುತ್ತಿಕೊಂಡಿತು. ಒಂದು ಟಗರು ನನ್ನ ಫೋನನ್ನು ನೆಕ್ಕಿ ರೆಕಾರ್ಡಿಂಗ್ ನಿಲ್ಲಿಸಿತು. ಕೊನೆಗೆ ಅಂಗಡಿಯ ಷಟರ್ ಎಳೆದುಕೊಂಡು, ಒಳಗೆ ಕೂಗಿಸಿದೆ.

ಆ ಕೂಗನ್ನು ಅಷ್ಟು ಹತ್ತಿರದಿಂದ ನಾನು ಕೇಳಿದ್ದು ಅದೇ ಮೊದಲು. ಗಂಟಲಿನ ತಳದಿಂದ 'ಉರ್ರ್ರ್' ಎಂದು ಒಂದು ಗುಡುಗು. ನಾಲಿಗೆಯಿಂದ ಎರಡು ಟಕ್ ಟಕ್. ಆಮೇಲೆ ಈ ಗುಡ್ಡದಿಂದ ಆ ಗುಡ್ಡಕ್ಕೆ ಎಳೆದು ಕಟ್ಟಿದ ಹಗ್ಗದಂಥ ಉದ್ದನೆಯ 'ಹೋ... ಬರ್ರ್ರೇ...'. ಜೆರಾಕ್ಸ್ ಮಷೀನಿನ ಮೇಲಿನ ಗಾಜು ಸಣ್ಣಗೆ ನಡುಗಿತು. ಹೊರಗೆ ಯಾರೋ ಷಟರ್ ಬಡಿದು, "ಒಳಗ ಯಾರಿಗಾದ್ರೂ ಏನಾದ್ರೂ ಆಗೇತೇನ್ರಿ?" ಎಂದು ಕೇಳಿದರು.

ಆಮೇಲೆ ಕಂಪನಿಯವರ ಪ್ರಶ್ನೆಗಳು. ಒಂದೊಂದನ್ನೇ ಓದಿ ಹೇಳಿದೆ.

"ಮಾಮ, ಹಾಡಿನ ಭಾಷೆ ಯಾವುದು? ಕನ್ನಡವೋ ತೆಲುಗೋ?"

"ಮನ್ಯಾಗ ಕನ್ನಡ, ಸಂತ್ಯಾಗ ತೆಲುಗು. ಕುರಿಗೆ ಎರಡೂ ತಿಳಿತಾವು."

"ಒಂದೇ ಹೇಳಬೇಕು."

"ಕನ್ನಡ ಅಂತ ಬರಿ. ತೆಲುಗಿನ ಕುರಿ ಬ್ಯಾಡ ಅನ್ನಂಗಿಲ್ಲ."

"ಸಾಹಿತ್ಯ ಯಾರದು? ಸಂಗೀತ ಯಾರದು?"

"ನಮ್ಮಪ್ಪಂದು. ಟಕ್ ಟಕ್ ಮಾತ್ರ ನಂದು."

"ಇದರಲ್ಲಿ ಕೆಟ್ಟ ಮಾತು ಇದೆಯೇ ಎಂದು ಕೇಳುತ್ತಾರೆ. ಇಲ್ಲ ಎನ್ನಲೇ?"

ಮಾಮ ಮೊದಲ ಬಾರಿಗೆ ತಡವರಿಸಿದ. "ಐತಿ," ಎಂದ. "ನಡುವ ಆ ಕುಂಟಿ ಕುರಿಗೆ ಒಂದು ಮಾತು ಬೈದೀನಿ."

"ಅದನ್ನು ತೆಗೆದುಬಿಡೋಣ."

"ತಗದ್ರ ಕುಂಟಿ ಬರಂಗಿಲ್ಲಲೇ! ಅದು ಬೈಗುಳ ಅಲ್ಲ, ಅದರ ಹೆಸರು!"

ಹಾಗಾಗಿ ಮಾಮನ ಕೂಗು 'ವಯಸ್ಕರಿಗೆ ಮಾತ್ರ' ಎಂಬ ಗುರುತಿನೊಂದಿಗೆ ಹೊರಬಿತ್ತು. ಇನ್ನು ಹಾಡಿನ ಪ್ರಕಾರ. ಭಕ್ತಿ, ಜಾನಪದ, ಸಿನಿಮಾ, ಇನ್ನೂ ಏನೇನೋ ಇದ್ದವು, ಕುರಿ ಇರಲಿಲ್ಲ. ಬಹಳ ಯೋಚಿಸಿ, ಸಂಜೆ ಮನೆಗೆ ಕರೆಯುವ ಕೂಗಲ್ಲವೇ ಎಂದುಕೊಂಡು, 'ನಿದ್ದೆ ಮತ್ತು ವಿಶ್ರಾಂತಿ' ಎಂಬುದನ್ನು ಆರಿಸಿದೆ.

ಕೆಲವು ದಿನಗಳಲ್ಲಿ ಕೂಗು ಎಲ್ಲ ಆ್ಯಪ್‌ಗಳಲ್ಲೂ ಬಂತು. ಬೀಗರ ಫೋನಿನಲ್ಲಿ ಹುಡುಕುವುದು ಹೇಗೆಂದು ರತ್ನಿಗೆ ಹೇಳಿಕೊಟ್ಟೆ. ಅಂದು ಸಂಜೆಯೇ ಅವಳ ಫೋನು ಬಂತು: "ತಿಂದ್ವು ಭಾವ! ನಾಕೂ ತಿಂದ್ವು!" ಮಾಮನಿಗೆ ಹೇಳಿದೆ. ಅವನು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು, ತಾನು ಕುಡಿಯಬೇಕಾದ ಚಹಾವನ್ನು ನನಗೇ ಕೊಟ್ಟು ಹೊರಟುಹೋದ.

ನಮ್ಮ ಹಾಡನ್ನು ಎಲ್ಲೆಲ್ಲಿ ಕೇಳುತ್ತಿದ್ದಾರೆ ಎಂದು ಕಂಪನಿಯವರು ಪರದೆಯ ಮೇಲೆ ತೋರಿಸುತ್ತಾರೆ. ಒಂದು ದಿನ ಸುಮ್ಮನೆ ತೆರೆದು ನೋಡಿದೆ. ಮಡಕಶಿರದ ಕಡೆಯಿಂದ ದಿನವೂ ಸಂಜೆ ಒಂದು ಸಲ. ಅದು ಸರಿ. ಆದರೆ ಅದರ ಕೆಳಗೆ, ಉತ್ತರದ ಯಾವುದೋ ಹಿಮದ ದೇಶದಲ್ಲಿ ಯಾರೋ ಇದನ್ನು ಕೇಳುತ್ತಿದ್ದರು! ನಿದ್ದೆ ಬರಲೆಂದು! 'ಉರ್ರ್ರ್' ಎಂಬ ಗುಡುಗನ್ನೂ ಕುಂಟಿಯ ಮೇಲಿನ ಬೈಗುಳವನ್ನೂ ಕೇಳುತ್ತಾ ದಿಂಬಿಗೆ ತಲೆ ಕೊಟ್ಟು ಮಲಗುವ ಆ ಮಹಾನುಭಾವರನ್ನು ನೆನೆದು ನನ್ನ ಮೈ ಬೆವೆತಿತು. ಕೂಡಲೇ ಮಾಮನಿಗೆ ಹೇಳಿದೆ.

ಮಾಮನಿಗೆ ಆಶ್ಚರ್ಯವೇ ಆಗಲಿಲ್ಲ. "ಅವರತ್ರ ಎಷ್ಟು ಕುರಿ ಅದಾವ ಕೇಳು," ಎಂದ.

ಇಲ್ಲಿಗೆ ನಿಂತಿದ್ದರೆ ಇದು ಸಂತೋಷದ ಕತೆ. ಆದರೆ ನಾವಿಬ್ಬರೂ ಒಂದು ಸಣ್ಣ ವಿಷಯ ಮರೆತಿದ್ದೆವು.

ಕುರಿಗಾರನ ಕೂಗು ಅವನೊಬ್ಬನದೇ. ಒಬ್ಬನ ಕೂಗಿಗೆ ಇನ್ನೊಬ್ಬನ ಕುರಿ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನಾಲ್ಕು ಮಂದೆಗಳು ಒಂದೇ ಕೆರೆಯಲ್ಲಿ ನೀರು ಕುಡಿದು ಕಲೆತುಹೋದರೂ, ನಾಲ್ವರು ನಾಲ್ಕು ದಿಕ್ಕಿಗೆ ನಿಂತು ಕೂಗಿದರೆ ಸಾಕು. ಒಂದೂ ತಪ್ಪದೆ ತಮ್ಮ ತಮ್ಮವರ ಹಿಂದೆ ಹೋಗುತ್ತವೆ. ಹಾಗೆಂದರೆ ಏನಾಯಿತು? ಕೂಗು ಸಿಕ್ಕಿದವನಿಗೆ ಕುರಿಯೂ ಸಿಕ್ಕಂತೆ!

ಇದು ನಮಗೆ ಹೊಳೆದದ್ದು ತಿಪ್ಪೇಸ್ವಾಮಿಯಿಂದ. ಶಿಷ್ಯನ ಕೂಗು ಬಿಡುಗಡೆಯಾದ ಹೆಮ್ಮೆಯಲ್ಲಿ ಅವನು ಒಂದು ಬೆಳಿಗ್ಗೆ ಅದನ್ನು ಆಟೋದ ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಆ ವಾರ ಮಾಮನ ಮಂದೆ ರಾಯದುರ್ಗದ ಅಂಚಿನ ಒಂದು ಶೇಂಗಾ ಹೊಲದಲ್ಲಿ ಬೀಡುಬಿಟ್ಟಿತ್ತು. ಮಾಮ ಚಹಾ ಕುಡಿಯಲು ಹೋಗಿದ್ದ.

ನಾನು ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದೆ. ಮೊದಲು ಕಿವಿಗೆ ಬಿದ್ದದ್ದು ಮಾಮನ ಕೂಗು. ತಲೆ ಎತ್ತಿದರೆ ತಿಪ್ಪೇಸ್ವಾಮಿಯ ಆಟೋ. ಅದರ ಹಿಂದೆ ಧೂಳು. ಧೂಳಿನೊಳಗಿಂದ ಮೊದಲು ಒಂದು ಕೊಂಬು, ಆಮೇಲೆ ಒಂದು ಮುಖ, ಆಮೇಲೆ ಮಂದೆಗೆ ಮಂದೆಯೇ! ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸರು ಕಾಲು ಮೇಲೆತ್ತಿಕೊಂಡು, "ಆಪಯ್ಯಾ, ಆಟೋ ಆಪು!" ಎಂದು ತೆಲುಗಿನಲ್ಲಿ ಒಬ್ಬಳು, "ನಿಲ್ಲಿಸಬ್ಯಾಡಪ್ಪೋ, ಓಡ್ಸು!" ಎಂದು ಕನ್ನಡದಲ್ಲಿ ಇನ್ನೊಬ್ಬಳು ಕೂಗುತ್ತಿದ್ದರು. ತಿಪ್ಪೇಸ್ವಾಮಿ ಗಾಬರಿಯಾಗಿ ವೇಗ ಹೆಚ್ಚಿಸಿದ. ಕುರಿಗಳೂ ಹೆಚ್ಚಿಸಿದವು. ಕೂಗಿನ ಧ್ವನಿ ತಗ್ಗಿಸಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ!

ಬಸ್‌ಸ್ಟ್ಯಾಂಡಿನ ಮುಂದೆ ಆಟೋ ನಿಂತಿತು. ಕುರಿಗಳು ಅದನ್ನು ಮುತ್ತಿದವು. ಕಾನ್ಸ್‌ಟೇಬಲ್ ಬಂದ. ಸ್ಪೀಕರ್ ಬಂದ್ ಮಾಡಿಸಿದ. ಕುರಿಗಳು ಕಲ್ಲಿನಂತೆ ನಿಂತವು. ಹೊಡೆದರೂ ಕದಲಲಿಲ್ಲ. ಎರಡೂ ಕಡೆ ಬಸ್ಸುಗಳು ಹಾರ್ನ್ ಹೊಡೆಯತೊಡಗಿದವು.

"ಏಮಯ್ಯಾ ಇದಿ? ಇವನ್ನ ಯಾರು ಕರೆದ್ರೋ ಅವರನ್ನ ಕರೀರಿ!" ಎಂದು ಕಾನ್ಸ್‌ಟೇಬಲ್ ಎರಡು ಭಾಷೆಯಲ್ಲಿ ಗುಡುಗಿದ.

"ಕರೆದೋನು ಇದರಾಗ ಅದಾನ ಸಾರ್," ಎಂದು ತಿಪ್ಪೇಸ್ವಾಮಿ ಸ್ಪೀಕರ್ ತೋರಿಸಿದ.

ಬೇರೆ ದಾರಿಯಿರಲಿಲ್ಲ. ಮತ್ತೆ ಕೂಗು ಹಾಕಿದರು. ಆಟೋ ಮೆಲ್ಲಗೆ ತಿರುಗಿತು. ಮುಂದೆ ಆಟೋ, ಹಿಂದೆ ಮಂದೆ, ಅದರ ಹಿಂದೆ ಕಾನ್ಸ್‌ಟೇಬಲ್. ಚಹಾ ಮುಗಿಸಿ ಹೊಲಕ್ಕೆ ಬಂದ ಮಾಮ ಖಾಲಿ ಹೊಲವನ್ನು ನೋಡಿ ಕುಸಿದು ಕೂತಿದ್ದನಂತೆ. ದೂರದಿಂದ ತನ್ನದೇ ಕೂಗು ತನ್ನ ಕಡೆಗೇ ಬರುತ್ತಿರುವುದನ್ನು ಕೇಳಿ, ತಾನು ಸತ್ತೇ ಹೋದೆ ಎಂದುಕೊಂಡನಂತೆ.

ಅತ್ತೆ, ಎಂದರೆ ಮಾಮನ ಹೆಂಡತಿ, ಅಂದು ಆಡಿದ ಮಾತನ್ನು ಗುಮ್ಮಘಟ್ಟದ ಕಡೆ ಈಗಲೂ ಹೇಳುತ್ತಾರೆ: "ಯಾರಾದ್ರೂ ಮನಿ ಕೀಲಿ ಕಳಕೊಂತಾರ. ನೀವು ದೇಶಕ್ಕೆಲ್ಲಾ ಒಂದೊಂದು ಮಾಡಿಸಿ ಹಂಚಿ ಬಂದೀರಲ್ರಿ!"

ಮಾಮ ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದ: "ತಗಿಯಾಕ ಬರ್ತದೇನು?"

"ಒಂದು ಗುಂಡಿ ಒತ್ತಿದರೆ ಸಾಕು ಮಾಮ. ಎಲ್ಲ ಕಡೆಯಿಂದಲೂ ಹೋಗುತ್ತದೆ."

"ರತ್ನಿ ಫೋನಿನಿಂದಲೂ?"

"ಅಲ್ಲಿಂದಲೂ."

"ಹಂಗಾರ ಸ್ವಲ್ಪ ತಡಿ," ಎಂದ. "ಆ ಕುರಿ ಹೊಂದಿಕೊಳ್ಳಲಿ."

ತಡೆದೆವು. ತಡೆದದ್ದಕ್ಕೆ ಸಿಕ್ಕ ಫಲವನ್ನೂ ಕಣ್ಣಾರೆ ಕಂಡೆ. ಒಂದು ಸಂಜೆ ಮಾಮನಿಗೆ ಕುರಿಯ ಔಷಧಿ ಕೊಡಲು ಹೊಲಕ್ಕೆ ಹೋಗಿದ್ದೆ. ಸೂರ್ಯ ಮುಳುಗುತ್ತಿದ್ದ. ನಾವಿಬ್ಬರೂ ಮಾತಾಡುತ್ತಾ ನಿಂತಿದ್ದಾಗ, ಹೊಲದ ಆಚೆ ಬದಿಯಲ್ಲಿ, ಜಾಲಿ ಗಿಡಗಳ ಹಿಂದಿನಿಂದ, ಮಾಮನ ಕೂಗು ಬಂತು.

ಮಾಮ ನನ್ನ ಪಕ್ಕದಲ್ಲೇ ಇದ್ದ. ಅವನ ಬಾಯಿ ಮುಚ್ಚಿತ್ತು.

ಮಂದೆಯೆಲ್ಲ ತಲೆ ಎತ್ತಿತು. ಮುಂದಾಳು ಕುರಿ ಆ ಕಡೆಗೆ ಹೆಜ್ಜೆ ಹಾಕಿತು. ಅದರ ಹಿಂದೆ ಉಳಿದವು. ಆಗ ಮಾಮ ಈ ಕಡೆಯಿಂದ ಕೂಗಿದ. ಕುರಿಗಳು ನಿಂತವು. ಒಂದು ಕಿವಿ ಅತ್ತ, ಒಂದು ಕಿವಿ ಇತ್ತ. ಇಬ್ಬರು ಮಾಮಂದಿರ ನಡುವೆ ಆ ಮೂಕಪ್ರಾಣಿಗಳು ನಿಂತ ನಿಲುವನ್ನು ನಾನು ಮರೆಯಲಾರೆ. ಮಂದೆ ಕಾಯುವ ಮಾಮನ ನಾಯಿ ಬೊಗಳುತ್ತಾ ನುಗ್ಗಿತು. ಗಿಡಗಳ ಹಿಂದೆ ಮೋಟರ್ ಸೈಕಲ್ ಶುರುವಾದ ಸದ್ದು ಕೇಳಿತು, ದೂರವಾಯಿತು. ಯಾರೆಂದು ಗೊತ್ತಾಗಲಿಲ್ಲ.

ಮಾಮ ಕುರಿಗಳನ್ನು ಹಿಂದಕ್ಕೆ ಕರೆದುಕೊಂಡ. ಅವನ ಕೂಗಿನಲ್ಲಿ ಟಕ್ ಟಕ್ ಬರಲಿಲ್ಲ, ನಾಲಿಗೆ ಒಣಗಿತ್ತು.

"ಅಳಿಯಾ," ಎಂದ ಕೊನೆಗೆ. "ನಾಳೆ ನೀನು ರತ್ನಿ ಊರಿಗೆ ಹೋಗು. ಕುರಿ ಹೊಂದಿಕೊಂಡಾವೇನು ನೋಡು. ಹೊಂದಿಕೊಂಡಿದ್ರ ಅಲ್ಲೇ ನಿಂತು ಅದನ್ನ ತಗದುಬಿಡು. ನಾನು ಬರಂಗಿಲ್ಲ. ನನ್ನ ಮಾರಿ ನೋಡಿದ್ರ ಮತ್ತ ಕೆಡ್ತಾವು."

ಎರಡು ಬಸ್ಸು ಬದಲಿಸಿ ಮಡಕಶಿರ ಸೇರಿ, ಅಲ್ಲಿಂದ ಅವಳ ಹಳ್ಳಿಗೆ ಹೋದೆ. ಬೀಗರು ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು.

"ಬನ್ನಿ ಬನ್ನಿ, ಕುಂತ್ಕಳಿ. ಏನ್ ಹಿಂಗ್ ದಿಢೀರ್ ಅಂತ? ನಮ್ ಬೀಗ್ರು ಚೆನ್ನಾಗವ್ರಾ? ಅವ್ರು ಇಂಟರ್ನೆಟ್ನಾಗೆ ಫೇಮಸ್ ಆಗ್ಬಿಟ್ರಂತೆ!"

ಮಜ್ಜಿಗೆ ಕುಡಿದು ಮೆಲ್ಲಗೆ ಕೇಳಿದೆ, ಕುರಿ ಹೇಗಿವೆ ಎಂದು.

"ಕುರಿಯಾ? ನೋಡೋಗಿ ನೀವೇ! ಹಾಡು ಕೇಳ್ಸಿ ವಾರಕ್ಕೇ ಹೊಂದ್ಕಂಡ್ವು. ಈಗ ತಮ್ ಮೇವು ತಿಂದು, ಪಕ್ಕದ್ ಕುರಿ ಮೇವ್ಗೂ ಬಾಯಿ ಹಾಕ್ತಾವೆ. ನಮ್ಮಜ್ಜಿ ಈಗ ಕಾಲ್ಗುಣ ಅಂದ್ರೆ ನನ್ ಸೊಸೇದು ಅಂತ ಊರೆಲ್ಲಾ ಹೇಳ್ಕಂಡ್ ತಿರುಗ್ತಾಳೆ."

ನಾನು ಲೋಟವನ್ನು ಕೆಳಗಿಟ್ಟೆ. ಕುರಿಗಳು ವಾರಕ್ಕೇ ಹೊಂದಿಕೊಂಡಿದ್ದವೇ? ಹಾಗಾದರೆ ದಿನವೂ ಸಂಜೆ ಮಡಕಶಿರದ ಕಡೆಯಿಂದ ಆ ಕೂಗನ್ನು ಕೇಳುತ್ತಿದ್ದವರು ಯಾರು?

"ಹೊತ್ತು ಮುಳುಗೋ ಟೈಮ್ನಾಗೆ ನನ್ ಫೋನ್ ಇಸ್ಕಂಡೋಯ್ತಾಳೆ," ಎಂದು ಬೀಗರು ಸಿಪ್ಪೆಯನ್ನು ಊದಿ ಹೇಳಿದರು. "ಕುರಿಗೆ ಹಾಕ್ತೀನಿ ಮಾವ ಅಂತಾಳೆ. ಹಾಕವ್ವ ಅಂತೀನಿ."

ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಗೋಡೆಯ ಮೇಲೆ ಫೋನು ಇತ್ತು. ಮಾಮ ಕೂಗುತ್ತಿದ್ದ. ನಾಲ್ಕೂ ಕುರಿಗಳು ಮೇವಿನಲ್ಲಿ ಮುಳುಗಿದ್ದವು. ಒಂದೂ ತಲೆ ಎತ್ತಲಿಲ್ಲ. ರತ್ನಿ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಪಕ್ಕದಲ್ಲಿ ಕೂತು, ಕೈಯಲ್ಲಿ ಒಂದು ಎಲೆ ಹಿಡಿದುಕೊಂಡು, ಅದನ್ನು ಹರಿಯದೆ, ಬಿಡದೆ, ಕೇಳುತ್ತಿದ್ದಳು. ಕುಂಟಿಯನ್ನು ಬೈಯುವ ಕಡೆ ಬಂದಾಗ ಒಬ್ಬಳೇ ನಕ್ಕಳು.

ನನ್ನನ್ನು ನೋಡಿ ಎದ್ದು ನಿಂತಳು. ನಾನು ಬಂದ ಕೆಲಸ ಹೇಳಿದೆ. ಜಾಲಿಗಿಡಗಳ ಹಿಂದಿನ ಕೂಗನ್ನೂ ಹೇಳಿದೆ.

"ತಗದುಬಿಡ್ರಿ ಭಾವ. ಮಂದೆ ಹೋದ್ರ ಅಪ್ಪ ಹೋಗ್ತಾನ," ಎಂದಳು. ಕೂಡಲೇ ನನ್ನ ತೋಳು ಹಿಡಿದುಕೊಂಡಳು. "ಇವತ್ತು ಬ್ಯಾಡ. ಇನ್ನ ಪೂರ್ತಿ ಹೊಂದಿಲ್ಲ ಅಂತ ಹೇಳ್ರಿ. ಇನ್ನೊಂದು ನಾಕು ದಿನ."

"ನಿನ್ನ ಹತ್ತಿರ ಸಣ್ಣ ಫೋನಿದೆಯಲ್ಲ ರತ್ನಿ. ಅಪ್ಪನೊಂದಿಗೆ ದಿನಾ ಮಾತಾಡುತ್ತೀಯಲ್ಲ!"

"ಏನು ಮಾತಾಡ್ತಾನ? ಊಟ ಆತಾ ಅಂತಾನ. ಆತು ಅಂತೀನಿ. ಇಡ್ಲೇನು ಅಂತಾನ." ಅವಳು ಗೋಡೆಯ ಮೇಲಿನ ಫೋನಿನ ಕಡೆ ನೋಡಿದಳು. "ಇದರಾಗ ಮಾತ್ರ ಬಾಯಿ ತುಂಬ ಕರೀತಾನ."

ಒತ್ತಬೇಕಾಗಿದ್ದ ಗುಂಡಿ ನನ್ನ ಜೇಬಿನ ಫೋನಿನಲ್ಲಿತ್ತು. ನಾನು ಒತ್ತಲಿಲ್ಲ. ಮಡಕಶಿರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾಮನಿಗೆ ಫೋನು ಮಾಡಿದೆ.

"ಇನ್ನೂ ಪೂರ್ತಿ ಹೊಂದಿಕೊಂಡಿಲ್ಲ ಮಾಮ."

"ಮೇವು ತಿಂತಾವೇನು?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ತಿನ್ನುತ್ತವೆ," ಎಂದೆ.

"ನೀರು?"

"ಕುಡಿಯುತ್ತವೆ."

"ಮತ್ತ?"

"ಸಂಜೆಯಾದರೆ... ಸಂಜೆಯಾದರೆ ಮಾತ್ರ ಸುಮ್ಮನಾಗುತ್ತವೆ ಮಾಮ."

ಲೈನು ಕಡಿಯಿತೇ ಎಂದು ನೋಡಿದೆ. ಕಡಿದಿರಲಿಲ್ಲ. "ಆತು, ಬಾ," ಎಂದ.

ಮರುದಿನ ನಾನು ಷಟರ್ ಎತ್ತುವ ಮೊದಲೇ ಅಂಗಡಿಯ ಮುಂದೆ ಕೂತಿದ್ದ. ಜೊತೆಗೆ ಅತ್ತೆಯೂ ಇದ್ದಳು.

"ಕುರಿ ಕೂಗು ತಗಿ," ಎಂದ.

ನಾನು ದಂಗಾದೆ. "ಮಾಮ, ಇನ್ನು ನಾಲ್ಕು ದಿನ..."

"ತಗಿ ಅಂದ್ನೆಲ್ಲ. ಮಂದೆ ಏನು ನನ್ನೊಬ್ಬಂದೇ? ನಿಮ್ಮತ್ತೀದೂ ಐತಿ." ನಾನು ಕಂಪ್ಯೂಟರ್ ಹಚ್ಚಿ ತೆಗೆದೆ. ಅವನು ಪರದೆಯನ್ನೇ ನೋಡುತ್ತಾ ನಿಂತಿದ್ದ. ತೆಗೆದಾಯಿತು ಎಂದ ಮೇಲೆ ಎದ್ದು ತಾನೇ ಷಟರ್ ಎಳೆದ. "ಈಗ ಇನ್ನೊಂದು ಹಾಕು. ಫೋನು ಹಿಡಿ."

ಗಂಟಲು ಸರಿಮಾಡಿಕೊಂಡ. ಗುಡುಗಲಿಲ್ಲ. ಟಕ್ ಟಕ್ ಇಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ಅಂಗಡಿಯ ಗೋಡೆಯಾಚೆ ಎಲ್ಲೋ ದೂರದ ಹೊಲದಲ್ಲಿ ಆಡುತ್ತಿರುವ ಸಣ್ಣ ಹುಡುಗಿಯನ್ನು ಕರೆಯುವಂತೆ ಕರೆದ: "ಏ ರತ್ನೀ..." ನಿಂತ. ಕಿವಿಗೊಟ್ಟ. ಮತ್ತೆ, "ಏ ರತ್ನವ್ವಾ... ಹೊತ್ತು ಮುಣುಗ್ತು, ಬಾರವ್ವ ಮನೀಗೆ..." ನಿಂತ. "ಮುದ್ದಿ ಆರ್ತೈತಿ, ನಿಮ್ಮವ್ವ ಬೈತಾಳ..." ಮತ್ತೆ ನಿಂತ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಕುರಿಯಾದ್ರೂ ನಮ್ಮವಷ್ಟೇ ಬಂದ್ವು," ಎಂದಳು. "ಈಗ ದೇಶದಾಗಿನ ರತ್ನಿಯರೆಲ್ಲಾ ಬಂದು ತಾಟು ಹಿಡಕೊಂಡು ಕುಂತ್ರ ಮುದ್ದಿ ಯಾರು ತಿರುವೋರು?"

"ಬರ್ಲಿ ಬಿಡು," ಎಂದ ಮಾಮ.

ಅಂದೇ ಕಳಿಸಿದೆ. ಮೂರನೆಯ ದಿನ ಕಂಪನಿಯವರು ವಾಪಸು ಕಳಿಸಿದರು. ಹಾಡಿನಲ್ಲಿ ಅಲ್ಲಲ್ಲಿ ಉದ್ದುದ್ದ ಮೌನವಿದೆ, ರೆಕಾರ್ಡಿಂಗ್ ದೋಷವಿರಬಹುದು, ಕತ್ತರಿಸಿ ಸರಿಪಡಿಸಿ ಎಂದು ಸೂಚನೆ. ನಾನು ಮಾಮನನ್ನು ಕರೆಸಿ ಹೇಳಿದೆ: "ನಡುವೆ ನೀನು ಸುಮ್ಮನೆ ನಿಂತದ್ದು ಜಾಸ್ತಿಯಾಗಿದೆ ಮಾಮ. ಆ ಜಾಗವನ್ನೆಲ್ಲ ಕತ್ತರಿಸಿಬಿಡಲೇ?"

ಮಾಮ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ.

"ಕತ್ತರಿಸಿದ್ರ ಹೆಂಗಲೇ?" ಎಂದ. "ಆಕಿ 'ಓ' ಅನ್ನಾಕ ಹೊತ್ತು ಬ್ಯಾಡೇನು?"